ಕೃತಕ ಗರ್ಭಧಾರಣೆ

ಸಂಸ್ಕೃತದ 'ಕೃ' ಧಾತುವಿನಿಂದ ಬಂದ 'ಕೃತಕ' ಎಂದರೆ ಮಾಡಿದ್ದು. ಕನ್ನಡದಲ್ಲಿ ಅದಕ್ಕೆ ಹುಸಿಯ ಬಣ್ಣವೂ ಅಂಟಿದೆ: ಕೃತಕ ನಗು, ಕೃತಕ ಅಭಾವ. ಹಳ್ಳಿಗರಿಗೆ 'ಕೃತಕ ಗರ್ಭಧಾರಣೆ' ಪಶು ಆಸ್ಪತ್ರೆಯ ಮಾತು. ಭಾರತದಲ್ಲಿ ಅದರ ಮೊದಲ ಪ್ರಯೋಗ ನಡೆದದ್ದೇ ಮೈಸೂರಿನ ಅರಮನೆ ಡೇರಿ ಫಾರ್ಮಿನಲ್ಲಿ, 1939ರಲ್ಲಿ, ಸಂಪತ್ ಕುಮಾರನ್ ಅವರಿಂದ. ಈ ದನಕರುಗಳ ನಂಟಿನಿಂದಲೇ ಇರಬೇಕು, ಮಕ್ಕಳಿಗಾಗಿ ಚಿಕಿತ್ಸೆಗೆ ಹೋಗುವ ನಗರದ ದಂಪತಿಗೆ 'ಐಯುಐ' (ಗರ್ಭಕೋಶದೊಳಗೆ ವೀರ್ಯ ಸೇರಿಸುವ ಚಿಕಿತ್ಸೆ) ಎನ್ನುವುದೇ ಹಗುರ. ಗಂಡನ ವೀರ್ಯಾಣುಗಳು ತುಸು ಕಡಿಮೆಯಿದ್ದರೆ, ಚಲನೆ ಮಂದವಿದ್ದರೆ, ವೀರ್ಯವನ್ನು ಪ್ರಯೋಗಾಲಯದಲ್ಲಿ ತೊಳೆದು, ಚುರುಕಾದವನ್ನು ಬೇರ್ಪಡಿಸಿ, ಅಂಡ ಬಿಡುಗಡೆಯ ಹೊತ್ತಿಗೆ ತೆಳು ನಳಿಕೆಯಿಂದ ಗರ್ಭಕೋಶಕ್ಕೆ ಬಿಡುತ್ತಾರೆ. ಮುಂದೆ ಅಂಡ ಕೂಡುವುದು, ಗರ್ಭ ನಿಲ್ಲುವುದು ಮೈಯೊಳಗೆ ಸಹಜವಾಗಿಯೇ. ಆದ್ದರಿಂದ 'ವೀರ್ಯಸೇಚನೆ' ಎಂಬ ಹೆಸರೇ ನನಗೆ ಹೆಚ್ಚು ಸರಿ ಕಾಣುತ್ತದೆ. ಅದರಲ್ಲಿ ಹುಸಿಯ ಸೋಂಕಿಲ್ಲ.