ಜಿಲ್ಲೆಯ ಗಡಿ ದಾಟಲು 17 ವರ್ಷ

ಖಾನಾಪುರದ ಕಾಡಂಚಿನವರಿಗೆ ಬೆಳಗಾವಿಯ ನೆಹರು ನಗರ ಎಂದರೆ ಕೆಎಲ್‌ಇ ದವಾಖಾನೆ. ಆ ಸಂಸ್ಥೆಯ ಬೇರು 1916ರ ನವೆಂಬರ್ 13ರಂದು ಏಳು ಮಂದಿ ಮಾಸ್ತರರು ತೆರೆದ ಒಂದು ಶಾಲೆಯಲ್ಲಿದೆ. ಅವರ ಬೆನ್ನಿಗೆ ದೇಸಾಯಿಗಳಿದ್ದರು, ವರ್ತಕರಿದ್ದರು. ಶಿರಸಂಗಿ ಲಿಂಗರಾಜರಂತೂ ತಮ್ಮ ಆಸ್ತಿಯನ್ನೇ ಲಿಂಗಾಯತ ಸಮಾಜದ ಮಕ್ಕಳ ಓದಿಗೆ ಬರೆದಿಟ್ಟಿದ್ದರು. ಬರೆದಿಡಲು ಆಸ್ತಿಯೇ ಇಲ್ಲದ ಸಮುದಾಯ ಏನು ಮಾಡಬೇಕು? ಖಾನಾಪುರ, ಹಳಿಯಾಳ, ಯಲ್ಲಾಪುರದ ಸಿದ್ದಿಗಳ ಕತೆ ಇಲ್ಲಿಂದಲೇ ಶುರು.

ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ಸಂತತಿಯಲ್ಲಿ ಈಗ ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಮೂವರೂ ಇದ್ದಾರೆ. ಮನೆಮಾತು ಬಹುಪಾಲು ಕೊಂಕಣಿ. ದುಡಿಮೆ ಬೇರೆಯವರ ಗದ್ದೆಯಲ್ಲಿ, ಇಲ್ಲವೇ ಕಾಡಿನಲ್ಲಿ.

ಮೊದಲು ಬಂದದ್ದು ಸಂಶೋಧಕರು. ಟಿ.ಸಿ. ಪಾಲಾಕ್ಷಪ್ಪನವರು ಉತ್ತರ ಕನ್ನಡದ ಸಿದ್ದಿಗಳ ಬಗೆಗೆ ಬರೆದ ಪುಸ್ತಕ 1976ರಲ್ಲಿ ಹೊರಬಂತು. ಆಮೇಲಿನ ದಶಕಗಳಲ್ಲಿ ಕ್ರೈಸ್ತ ಸೇವಾ ಕೇಂದ್ರಗಳು ಬಂದವು, ವನವಾಸಿ ಕಲ್ಯಾಣ ಸಂಸ್ಥೆ ಬಂತು, ಸಿದ್ದಿಗಳದೇ ಸಂಘಗಳೂ ಹುಟ್ಟಿದವು. ಯಾರು ಯಾವ ಬಣ್ಣದ ಬಾವುಟ ಹಿಡಿದರೆನ್ನುವುದು ಬೇರೆ ಚರ್ಚೆ; ಅವರು ನಡೆಸಿದ ಹಾಸ್ಟೆಲ್ಲಿನ ಊಟ ಮಕ್ಕಳ ಹೊಟ್ಟೆಗೆ ಬಿತ್ತು.

ಸರ್ಕಾರದ ಕಣ್ಣು ಬಿದ್ದದ್ದು ಓದಿನ ಮೇಲಲ್ಲ, ಮೈಕಟ್ಟಿನ ಮೇಲೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಯೋಜನೆಯಡಿ ಸಿದ್ದಿ ಹುಡುಗ ಹುಡುಗಿಯರನ್ನು ಆರಿಸಿ ತರಬೇತಿಗೆ ಒಯ್ದಿತು. ಕಮಲಾ ಸಿದ್ದಿಯವರಂಥ ಓಟಗಾರ್ತಿಯರು ಬೆಳಗಿದರು. 1993ರ ಹೊತ್ತಿಗೆ ಯೋಜನೆಯನ್ನೇ ಕೈಬಿಟ್ಟರು. ಆಫ್ರಿಕದ ರಕ್ತ, ಆದ್ದರಿಂದ ಓಡುತ್ತಾರೆ ಎಂಬ ಲೆಕ್ಕಾಚಾರದಲ್ಲಿ ಶಾಲೆಗೆ ಜಾಗವಿರಲಿಲ್ಲ.

ನಿಜವಾದ ತಿರುವು ಒಂದು ಪಟ್ಟಿಯಿಂದ ಬಂತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡ ಸೇರಿದರು. ಆಶ್ರಮ ಶಾಲೆ, ವಿದ್ಯಾರ್ಥಿವೇತನ, ಮೀಸಲಾತಿಯ ಬಾಗಿಲು ತೆರೆಯಿತು. ಆದರೆ ಆದೇಶದಲ್ಲಿದ್ದದ್ದು ಒಂದೇ ಜಿಲ್ಲೆಯ ಹೆಸರು. ಹಳಿಯಾಳದ ಅಣ್ಣನ ಮಗ ಪಂಗಡದವನು. ಗಡಿಯಾಚೆ ಖಾನಾಪುರದಲ್ಲಿರುವ ತಮ್ಮನ ಮಗ ಅಲ್ಲ! ಕಾಡು ಒಂದೇ, ಡಮಾಮಿ ವಾದ್ಯ ಬಾರಿಸುವ ಕೈಯೂ ಒಂದೇ. ಬೆಳಗಾವಿ, ಧಾರವಾಡ ಜಿಲ್ಲೆಗಳ ಹೆಸರು ಸೇರಿದ್ದು 2020ರ ತಿದ್ದುಪಡಿ ಕಾಯ್ದೆಯಲ್ಲಿ. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಒಂದನೇ ತರಗತಿ ಸೇರಿದ ಮಗು ಪದವಿ ಮುಗಿಸುವಷ್ಟು ಕಾಲ ಖಾನಾಪುರ ಕಾದಿತ್ತು.

ಈಗಲೂ ಸರದಿಯ ಸಾಲು ಉದ್ದವೇ. ರಾಜ್ಯ ಪರಿಶಿಷ್ಟ ಪಂಗಡದ ಮೀಸಲಾತಿಯನ್ನು ಶೇ. 3ರಿಂದ 7ಕ್ಕೆ ಏರಿಸಿದೆ, ನಿಜ. ಆದರೆ ಸಿದ್ದಿ ಹುಡುಗಿ ಸ್ಪರ್ಧಿಸಬೇಕಾದದ್ದು ಎಷ್ಟೋ ಪಟ್ಟು ದೊಡ್ಡದಾದ, ಮುಂಚೆಯೇ ಓದಿಗೆ ತೆರೆದುಕೊಂಡ ನಾಯಕ ಸಮುದಾಯದ ಜೊತೆ. ಒಳಗಿನ ಈ ಅಂತರ ಅಳೆಯದೆ ಪಟ್ಟಿಯಲ್ಲಿ ಹೆಸರಿದೆ ಎಂದು ಸಮಾಧಾನ ಪಡುವುದು ಅಧಿಕಾರಿಗಳಿಗೆ ಸುಲಭ.

ಇನ್ನು ಭಾಷೆ. ಮಗು ಮನೆಯಲ್ಲಿ ‘ಉದಾಕ’ ಕೇಳುತ್ತದೆ. ಖಾನಾಪುರದ ಸಂತೆಯಲ್ಲಿ ಅದು ಮರಾಠಿಯ ‘ಪಾಣಿ’. ಕನ್ನಡ ಶಾಲೆಯ ಪುಸ್ತಕದಲ್ಲಿ ‘ನೀರು’. ಬಾಯಾರಿದ ಆರು ವರ್ಷದ ಕೂಸು ಯಾವ ಮಾತಿನಲ್ಲಿ ಕೇಳಬೇಕೆಂದು ತಿಳಿಯದೆ ಸುಮ್ಮನಿದ್ದರೆ ಅದನ್ನು ‘ದಡ್ಡ’ ಎನ್ನುತ್ತೇವೆ. ಅಮೆರಿಕದಲ್ಲಿ ಸ್ಪ್ಯಾನಿಷ್ ಮನೆಮಾತಿನ ಮಕ್ಕಳನ್ನು ಮುಖ್ಯವಾಗಿ ಗಮನದಲ್ಲಿಟ್ಟು 1968ರಲ್ಲೇ ದ್ವಿಭಾಷಾ ಶಿಕ್ಷಣ ಕಾಯ್ದೆ ಬಂದಿತ್ತು. ಇಲ್ಲಿ ಕನ್ನಡವೋ ಮರಾಠಿಯೋ ಎಂಬ ನಮ್ಮ ಗಡಿ ಜಗಳದಲ್ಲಿ ಮೂರನೆಯ ಮಾತೊಂದಿದೆ ಎನ್ನುವುದೇ ಮರೆತಿದೆ.

ಸಿದ್ದಿ ಹೆಂಗಸರು ಹಳೆ ಸೀರೆಯ ತುಂಡುಗಳಿಂದ ಹೊಲಿಯುವ ಕೌದಿಯನ್ನು ನೋಡಿ. ಹೊಲಿಗೆ ಅಂಚಿನಿಂದ ಹೊರಟು ಸುತ್ತುತ್ತ ನಡುವಿಗೆ ಬರುತ್ತದೆ. ಮೂಲೆಗಳಿಗೆ ಪುಟ್ಟ ಬಟ್ಟೆಯ ‘ಹೂವು’ ಇಡದೆ ಕೆಲಸ ಮುಗಿಯದು. ಈ ಕೌದಿಗಳು ಅಮೆರಿಕದ ಪ್ರದರ್ಶನಗಳವರೆಗೆ ಹೋಗಿವೆ. ಹೊಲಿದ ತಾಯಿಯ ಮಗು ಮಾತ್ರ ಇನ್ನೂ ಅಂಗನವಾಡಿಯ ಬಾಗಿಲಲ್ಲಿ ತಡವರಿಸುತ್ತಿದೆ. ಅಂಗನವಾಡಿ ನಡೆಸುವ ಇಲಾಖೆಗೆ ಒಂದೇ ಕೇಳಿಕೆ: ಹೊಸ ಯೋಜನೆ ಬೇಡ, ಸಿದ್ದಿ ಹಾಡಿಗಳ ಅಂಗನವಾಡಿಗೆ ಕೊಂಕಣಿ ಬಲ್ಲ ಸಿದ್ದಿ ಹೆಣ್ಣುಮಗಳನ್ನೇ ನೇಮಿಸಿ.