ಕಡೆಯುವ ಕೈ: ತಿರುಗಣೆಯಿಂದ ಸಿ.ಎನ್.ಸಿ. ಲೇತಿನವರೆಗೆ

ಕನ್ನಡದ 'ಕಡೆ' ಎಂಬ ಕ್ರಿಯಾಪದವು ಒಂದಕ್ಕಿಂತ ಹೆಚ್ಚು ಕಸುಬುಗಳಿಗೆ ಸಲ್ಲುತ್ತದೆ. ಮೊಸರನ್ನು ಕಡೆಯುತ್ತಾರೆ, ತೊಟ್ಟಿಲಿನ ಕಾಲನ್ನು ಕಡೆಯುತ್ತಾರೆ, ಕಲ್ಲಿನಲ್ಲಿ ವಿಗ್ರಹವನ್ನೂ ಕಡೆಯುತ್ತಾರೆ. ಮೊದಲನೆಯದರಲ್ಲಿ ತಿರುಗುವುದು ಕಡೆಗೋಲು. ಎರಡನೆಯದರಲ್ಲಿ ತಿರುಗುವುದು ಮರ. ಮೂರನೆಯದರಲ್ಲಿ ಕಲ್ಲೂ ತಿರುಗದು, ಉಳಿಯೂ ತಿರುಗದು. ಆಧುನಿಕ ಯಂತ್ರಶಾಲೆಯು ಇವುಗಳನ್ನು ಬೇರೆ ಬೇರೆ ಯಂತ್ರಗಳಿಗೆ ಹಂಚಿತು. ವಸ್ತುವನ್ನು ತಿರುಗಿಸಿ ನಿಶ್ಚಲವಾದ ಉಳಿಯಿಂದ ಕೊರೆಯುವುದು ಲೇತಿನ ಕೆಲಸವಾಯಿತು. ಹಲ್ಲುಳ್ಳ ಉಳಿಯನ್ನೇ ತಿರುಗಿಸಿ ವಸ್ತುವನ್ನು ಅದರ ಬಾಯಿಗೆ ಒಡ್ಡುವುದು ಮಿಲ್ಲಿಂಗ್ ಎನಿಸಿಕೊಂಡಿತು. ಗಣಕ ನಿಯಂತ್ರಿತ ಲೇತಿನಲ್ಲಿಯೇ ಮಿಲ್ಲಿಂಗ್ ನಡೆಸುವ ಇಂದಿನ ಪದ್ಧತಿಯು ಈ ವಿಭಜನೆಯನ್ನು ಮತ್ತೆ ಅಳಿಸಿದೆ. ಇದನ್ನು ಕೇವಲ ಯಂತ್ರಗಳ ಚರಿತ್ರೆಯಾಗಿ ನೋಡುವ ರೂಢಿಯಿದೆ. ಕೈಯಲ್ಲಿದ್ದ ಅರಿವು ಎಲ್ಲಿಂದ ಎಲ್ಲಿಗೆ ಸಾಗಿತು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡರೆ ಅದು ಜಾನಪದ ಅಧ್ಯಯನಕ್ಕೂ ಸೇರಿದ ಚರಿತ್ರೆಯಾಗುತ್ತದೆ.

ದುಂಡಗಿನ ರೂಪವನ್ನೂ ಕೋನಗಳುಳ್ಳ ರೂಪವನ್ನೂ ಒಂದೇ ವಸ್ತುವಿನಲ್ಲಿ ಕೂಡಿಸುವ ಸಮಸ್ಯೆ ಕನ್ನಡ ನಾಡಿಗೆ ಹೊಸದಲ್ಲ. ಇಟಗಿಯ ಮಹಾದೇವ ದೇವಾಲಯ (ಕ್ರಿ.ಶ. 1112), ಬೇಲೂರಿನ ಚೆನ್ನಕೇಶವ ದೇವಾಲಯ (ಕ್ರಿ.ಶ. 1117) ಮೊದಲಾದ ಕಡೆಗಳಲ್ಲಿ ಬಳಪದ ಕಲ್ಲಿನ ಕಂಬಗಳು ತಿರುಗಣೆಯಲ್ಲಿ ಕಡೆದವೆಂಬುದಕ್ಕೆ ಅವುಗಳ ಮೈಮೇಲಿನ ಸಮಾನಾಂತರ ಬಳೆಗಳೂ ನಯವಾದ ಗಂಟೆಯಾಕಾರದ ಭಾಗಗಳೂ ಸಾಕ್ಷಿಯಾಗಿವೆ. ಕಂಬವನ್ನು ಅಡ್ಡವಾಗಿ ಮಲಗಿಸಿ ತಿರುಗಿಸಿದರೋ ನೆಟ್ಟಗೆ ನಿಲ್ಲಿಸಿ ತಿರುಗಿಸಿದರೋ ಎಂಬುದರಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಆದರೆ ಅದೇ ಕಂಬದ ಪೀಠಭಾಗವು ಚೌಕವಾಗಿಯೇ ಉಳಿದಿರುವುದು ಗಮನಾರ್ಹ. ಅದು ತಿರುಗಣೆಗೆ ಸಿಕ್ಕದ, ಉಳಿಸುತ್ತಿಗೆಗೆ ಬಿಟ್ಟ ಭಾಗ. ನಕ್ಷತ್ರಾಕಾರದ ಕಂಬಗಳಂತೂ ಪೂರ್ತಿಯಾಗಿ ಕಂಡರಣೆಯ ಕೆಲಸ. ಬೇಲೂರಿನ ನರಸಿಂಹ ಕಂಬವು ಹಿಂದೆ ತನ್ನಷ್ಟಕ್ಕೆ ತಿರುಗುತ್ತಿತ್ತೆಂಬ ಐತಿಹ್ಯವನ್ನು ಪ್ರವಾಸಿಗರು ಇಂದಿಗೂ ಕೇಳುತ್ತಾರೆ. ಕಂಬ ಹುಟ್ಟಿದ ಬಗೆಯ ನೆನಪೊಂದು ಅದರಲ್ಲಿ ಅಡಗಿದೆಯೇ ಎಂದು ಊಹಿಸಲು ಅವಕಾಶವಿದೆ. ಊಹೆಗಿಂತ ಮುಂದೆ ಹೋಗಲು ಇಲ್ಲ.

ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳಲ್ಲಿ ಇದೇ ಸಮಸ್ಯೆಗೆ ಬೇರೊಂದು ಪರಿಹಾರವಿದೆ. ಹಳೆಯ ಕೈತಿರುಗಣೆಯಲ್ಲಿ ಕುಶಲಕರ್ಮಿಯು ನೆಲದ ಮೇಲೆ ಕುಳಿತು ಬಲಗೈಯಿಂದ ಬಿಲ್ಲನ್ನೆಳೆಯುತ್ತಾನೆ. ಎಡಗೈಯೂ ಕಾಲ್ಬೆರಳೂ ಸೇರಿ ಉಳಿಯನ್ನು ಹಿಡಿಯುತ್ತವೆ. ಬಿಲ್ಲಿನ ಹುರಿಯು ಮರವನ್ನು ಹಿಂದಕ್ಕೂ ಮುಂದಕ್ಕೂ ಹೊರಳಿಸುವುದರಿಂದ ಉಳಿ ಕೊರೆಯುವುದು ಒಂದು ಹೊರಳಿನಲ್ಲಿ ಮಾತ್ರ. ಮರು ಹೊರಳಿನಲ್ಲಿ ಕೈ ಸ್ವಲ್ಪ ಹಿಂಜರಿಯಬೇಕು. ಈ ಹಿಂಜರಿಕೆಯನ್ನು ಯಾರೂ ಬರೆದು ಕಲಿಸಿಲ್ಲ. ಹಾಲೆ ಮರದ ತುಂಡು ಎಷ್ಟೇ ಚೆನ್ನಾಗಿ ತಿರುಗಿದರೂ ದುಂಡಗಿನ ರೂಪವಷ್ಟೇ ಹುಟ್ಟುತ್ತದೆ. ಆದ್ದರಿಂದ ತಲೆ, ಮೈ, ಗಾಲಿ, ಕೈಕಾಲುಗಳನ್ನು ಬೇರೆ ಬೇರೆಯಾಗಿ ಕಡೆದು ಜೋಡಿಸುತ್ತಾರೆ. ಸಂಕೀರ್ಣ ರೂಪವು ಅಲ್ಲಿ ಜೋಡಣೆಯಿಂದ ಬರುತ್ತದೆ.

ಲೋಹದ ಲೇತಿನ ಚರಿತ್ರೆ ಇಂಗ್ಲೆಂಡ್ ಮತ್ತು ಅಮೆರಿಕಗಳಿಗೆ ಸೇರಿದ್ದು. ಲಂಡನ್ನಿನ ಹೆನ್ರಿ ಮಾಡ್ಸ್ಲೆಯು 1800ರ ಸುಮಾರಿಗೆ ರೂಪಿಸಿದ ತಿರುಪು ಕೊರೆಯುವ ಲೇತಿನಲ್ಲಿ ಉಳಿಯನ್ನು ಕೈಯ ಬದಲು ಜಾರುವ ಪೀಠವೊಂದು ಹಿಡಿಯಿತು. 1819ರಲ್ಲಿ ಅಮೆರಿಕದ ಥಾಮಸ್ ಬ್ಲಾಂಚರ್ಡನು ಬಂದೂಕಿನ ಮರದ ಹಿಡಿಗಾಗಿ ಕಟ್ಟಿದ ಲೇತ್ ಇನ್ನೂ ಕುತೂಹಲಕರವಾದುದು. ಅದರಲ್ಲಿ ಮಾದರಿಯೂ ಮರದ ತುಂಡೂ ಜೊತೆಯಾಗಿ ತಿರುಗುತ್ತಿದ್ದವು. ಮಾದರಿಯ ಮೈಯನ್ನು ಒಂದು ಚಕ್ರ ಸವರುತ್ತಿದ್ದರೆ ಅದರ ಏರಿಳಿತಕ್ಕೆ ತಕ್ಕಂತೆ, ತಾನೂ ತಿರುಗುತ್ತಿದ್ದ ಉಳಿಚಕ್ರವೊಂದು ಮರವನ್ನು ಕೊರೆಯುತ್ತಿತ್ತು. ದುಂಡಗಲ್ಲದ ರೂಪವೂ ಹೀಗೆ ಲೇತಿನಿಂದ ಹೊರಬಂದಿತು. ವಸ್ತು ಮತ್ತು ಉಳಿ ಎರಡೂ ತಿರುಗುವ ಇಂದಿನ ಯಂತ್ರದ ಪೂರ್ವಜನನ್ನು ಇಲ್ಲಿಯೇ ಹುಡುಕಬೇಕು.

ಮಾದರಿಯ ಸ್ಥಾನಕ್ಕೆ ಅಂಕಿ ಬಂದದ್ದು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ. ಹೆಲಿಕಾಪ್ಟರಿನ ರೆಕ್ಕೆಗಳಿಗೆ ಬೇಕಾದ ವಕ್ರರೇಖೆಗಳನ್ನು ಲೆಕ್ಕದಿಂದ ಪಡೆಯಲು ಹೊರಟ ಮಿಶಿಗನ್ನಿನ ಜಾನ್ ಪಾರ್ಸನ್ಸ್‌ನ ಯೋಚನೆಯು ಅಮೆರಿಕದ ವಾಯುಪಡೆಯ ನೆರವಿನಿಂದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ಹೋಗಿ, 1952ರಲ್ಲಿ ರಂಧ್ರಪಟ್ಟಿಯಿಂದ ನಡೆಯುವ ಮಿಲ್ಲಿಂಗ್ ಯಂತ್ರವಾಗಿ ಪ್ರದರ್ಶಿತವಾಯಿತು. ಇದಕ್ಕೆ ಮುಂಚೆಯೇ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯು ಇನ್ನೊಂದು ದಾರಿಯನ್ನು ಪ್ರಯೋಗಿಸಿತ್ತು. ನುರಿತ ಕೆಲಸಗಾರನು ಒಮ್ಮೆ ವಸ್ತುವನ್ನು ಕಡೆಯುವಾಗ ಯಂತ್ರದ ಚಲನೆಗಳನ್ನು ಕಾಂತಪಟ್ಟಿಯಲ್ಲಿ ಮುದ್ರಿಸಿಕೊಂಡು ಮತ್ತೆ ಮತ್ತೆ ನುಡಿಸುವುದು ಅದರ ಕ್ರಮ. ಹಾಡುಗಾರನ ದನಿಯನ್ನು ಧ್ವನಿಮುದ್ರಿಸಿಕೊಂಡಂತೆ. ಈ ದಾರಿ ಮೂಲೆಗುಂಪಾಗಿ ಅಂಕಿಯ ದಾರಿ ಗೆದ್ದಿತು. ತಾಂತ್ರಿಕ ಕಾರಣಗಳಷ್ಟೇ ಅಲ್ಲದೆ ಕೆಲಸದ ಮೇಲಿನ ಹಿಡಿತವನ್ನು ಕೆಲಸಗಾರನಿಂದ ಆಡಳಿತಕ್ಕೆ ವರ್ಗಾಯಿಸುವ ಇಚ್ಛೆಯೂ ಇದರ ಹಿಂದಿತ್ತೆಂದು ಇತಿಹಾಸಕಾರ ಡೇವಿಡ್ ನೋಬಲ್ 1984ರ ತನ್ನ ಗ್ರಂಥದಲ್ಲಿ ವಾದಿಸಿದ್ದಾನೆ. ವಾದದ ಎಲ್ಲ ಅಂಶಗಳನ್ನು ಒಪ್ಪದವರೂ ಅರಿವಿನ ಒಡೆತನದ ಪ್ರಶ್ನೆಯನ್ನು ತಳ್ಳಿಹಾಕಲಾರರು.

ಸಿ.ಎನ್.ಸಿ. ಲೇತಿನಲ್ಲಿ ಮಿಲ್ಲಿಂಗ್ ಸಾಧ್ಯವಾಗುವುದು ಎರಡು ಮುಖ್ಯ ಏರ್ಪಾಡುಗಳಿಂದ. ಉಳಿಗಳನ್ನು ಹೊತ್ತ ಗೋಪುರದಲ್ಲಿ ಕೆಲವು ಉಳಿಗಳು ತಾವೇ ತಿರುಗಬಲ್ಲವು. ವಸ್ತುವನ್ನು ಹಿಡಿದ ಕದಿರು ಒಂದೇ ಸಮನೆ ತಿರುಗುವುದನ್ನು ಬಿಟ್ಟು, ಆಜ್ಞೆಯಾದಷ್ಟು ಕೋನಕ್ಕೆ ಮಾತ್ರ ಹೊರಳಿ ನಿಲ್ಲಬಲ್ಲದು ಅಥವಾ ಉಳಿಯ ನಡೆಗೆ ಹೊಂದಿಕೊಂಡು ನಿಧಾನವಾಗಿ ಹೊರಳಬಲ್ಲದು. ಇದನ್ನು ಸಿ-ಅಕ್ಷ ಎನ್ನುತ್ತಾರೆ. ದಂಡವೊಂದನ್ನು ಕಡೆದ ಮೇಲೆ ಅದರಲ್ಲಿ ಚಪ್ಪಟೆ ಮುಖ, ಕೀಲಿಗಾಡಿ, ಅಡ್ಡರಂಧ್ರಗಳನ್ನು ಮಾಡಲು ಹಿಂದೆ ಬಿಚ್ಚಿ ಬೇರೆ ಯಂತ್ರಕ್ಕೆ ಕಟ್ಟಬೇಕಿತ್ತು. ಪ್ರತಿಸಲ ಬಿಚ್ಚಿ ಕಟ್ಟಿದಾಗಲೂ ಕೇಂದ್ರ ಕೂದಲೆಳೆಯಷ್ಟು ತಪ್ಪುತ್ತಿತ್ತು. ಈಗ ಒಂದೇ ಹಿಡಿತದಲ್ಲಿ ಕೆಲಸ ಮುಗಿಯುತ್ತದೆ. ವಸ್ತು ಒಂದು ಸುತ್ತು ಬರುವಷ್ಟರಲ್ಲಿ ಮೂರು ಹಲ್ಲಿನ ಉಳಿಚಕ್ರ ಎರಡು ಸುತ್ತು ಬರುವಂತೆ ಹೊಂದಿಸಿದರೆ ಆರು ಮೂಲೆಯ ರೂಪವೇ ಹುಟ್ಟುತ್ತದೆ; ಅದರ ಬದಿಗಳು ಸೂಕ್ಷ್ಮವಾಗಿ ಉಬ್ಬಿರುತ್ತವೆಂಬುದು ಬೇರೆ ಮಾತು. ಮಿತಿಗಳೂ ಇವೆ. ತಿರುಗುವ ಉಳಿಯ ಬಲವೂ ಬಿಗಿಯೂ ನಿಜವಾದ ಮಿಲ್ಲಿಂಗ್ ಯಂತ್ರಕ್ಕೆ ಸಾಮಾನ್ಯವಾಗಿ ಸಮವಲ್ಲ. ಆಳವಾದ ಕೊರೆತಕ್ಕೆ ಹೋದರೆ ಉಳಿ ನಡುಗಿ ಮೈಮೇಲೆ ಅಲೆಯ ಗುರುತು ಬೀಳುತ್ತದೆ.

ಕರ್ನಾಟಕದಲ್ಲಿ ಈ ಕಸುಬಿನ ಆಧುನಿಕ ಅಧ್ಯಾಯವು 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್‌ನಿಂದ ತೊಡಗುತ್ತದೆ. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದಲ್ಲಿ ಅಲ್ಲಿ ತಯಾರಾದ ಮೊದಲ ಯಂತ್ರಗಳು ಲೇತುಗಳೇ. ಮಿಲ್ಲಿಂಗ್ ಯಂತ್ರಗಳಿಗೆ ಹೆಸರಾದ ಭಾರತ್ ಫ್ರಿಟ್ಸ್ ವರ್ನರ್ 1961ರಲ್ಲಿ ಅದೇ ನಗರದಲ್ಲಿ ಹುಟ್ಟಿತು. ಮುಂದೆ ಪೀಣ್ಯದ ಕೈಗಾರಿಕಾ ಪ್ರದೇಶವು ಸಿ.ಎನ್.ಸಿ. ಲೇತುಗಳನ್ನು ತಯಾರಿಸುವ ಮತ್ತು ಬಳಸುವ ದೊಡ್ಡ ನೆಲೆಯಾಯಿತು. ಯಂತ್ರಗಳು ಒಂದಾದರೂ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಟರ್ನರ್ ಮತ್ತು ಮೆಷಿನಿಸ್ಟ್ ಎಂಬ ವೃತ್ತಿಗಳು ಎರಡಾಗಿಯೇ ಮುಂದುವರಿದಿವೆ.

ಅಂಕಿಯು ಎಲ್ಲವನ್ನೂ ನುಂಗಿತೆಂದು ತಿಳಿಯುವುದು ಆತುರದ ಮಾತಾದೀತು. ಉಳಿಯ ಮೊನೆ ಸವೆದುದನ್ನು ಕೆಲಸಗಾರನು ಸದ್ದಿನ ಬದಲಾವಣೆಯಿಂದಲೂ, ಹೊರಬೀಳುವ ಲೋಹದ ಸುರುಳಿಯ ಬಣ್ಣ ಮತ್ತು ಆಕಾರದಿಂದಲೂ ಗುರುತಿಸುತ್ತಾನೆ. ಮಿಲಿಮೀಟರಿನ ನೂರನೆಯ ಭಾಗದ ತಿದ್ದುಪಡಿಯನ್ನು ಯಂತ್ರಕ್ಕೆ ಊಡುತ್ತಾನೆ. ನಡುಕ ಕಂಡಾಗ ವೇಗದ ಗುಬಟನ್ನು ತಿರುಗಿಸುತ್ತಾನೆ. ಬಿಲ್ಲಿನ ಮರು ಹೊರಳಿನಲ್ಲಿ ಹಿಂಜರಿಯುವ ಕೈಗೆ ಇದು ತೀರ ದೂರದ ಸಂಬಂಧಿಯಲ್ಲ. ಚನ್ನಪಟ್ಟಣದ ತಿರುಗಣೆಯನ್ನು ಜಾನಪದ ವಿದ್ವಾಂಸರು ಶ್ರದ್ಧೆಯಿಂದ ದಾಖಲಿಸಿದ್ದಾರೆ. ಅಲ್ಲಿಂದ ಅರವತ್ತು ಕಿಲೋಮೀಟರಿನಷ್ಟು ದೂರದ ಪೀಣ್ಯದಲ್ಲಿ, ಪಾಳಿ ಬದಲಾಗುವ ಹೊತ್ತಿಗೆ ಒಬ್ಬ ಕೆಲಸಗಾರ ಇನ್ನೊಬ್ಬನಿಗೆ ಬಾಯಿಮಾತಿನಲ್ಲಿ ದಾಟಿಸುವ ಇಂತಹ ಅರಿವಿಗೆ ಅಷ್ಟೇ ಶ್ರದ್ಧೆ ಸಂದಿಲ್ಲ. ಕೈಲೇತಿನಲ್ಲಿ ಕಲಿತು ಅಂಕಿಯ ಲೇತಿಗೆ ಬಂದ ತಲೆಮಾರು ನಿವೃತ್ತಿಯಾಗುತ್ತ ಬಂದಿದೆ. ಎರಡೂ ಬಗೆಯ ಕಡೆತವನ್ನು ಒಂದೇ ಮೈಯಲ್ಲಿ ಬಲ್ಲವರು ಅವರೇ. ಕ್ಷೇತ್ರಕಾರ್ಯವು ಅವರಿಂದ ಆರಂಭವಾಗಬೇಕಾಗಿದೆ.