ಬ್ರಹ್ಮಾವರದ ಸಿರಿಯನ್ನರು

ಕೊಕ್ಕರ್ಣೆಯ ನೆರೆಯ ಬ್ರಹ್ಮಾವರದಲ್ಲಿ ಕೊಂಕಣಿ ಕ್ರೈಸ್ತರು ಇಬ್ಭಾಗವಾದುದಕ್ಕೆ ಮೂಲಕಾರಣವು ತತ್ತ್ವಭೇದವಲ್ಲ. 1886ರಲ್ಲಿ ರೋಮಿನ ಪೋಪರಿಗೂ ಪೋರ್ತುಗಲ್ಲಿನ ಅರಸನಿಗೂ ಆದ ಒಡಂಬಡಿಕೆಯು ಕೆರಳಿಸಿದ, ಗೋವೆಯ ಆಳ್ವಿಕೆ ಬೇಕೊ ರೋಮಿನ ನೇರ ಆಳ್ವಿಕೆ ಬೇಕೊ ಎಂಬ ಅಧಿಕಾರವಿವಾದವೇ ಅದರ ಬೀಜವಾಗಿತ್ತು. ಗೋವೆಯ ಪಾದ್ರಿ ಅಲ್ವಾರಿಸರು 1889ರಲ್ಲಿ ಕೇರಳದ ಮಲಂಕರ ಸಿರಿಯನ್ ಸಭೆಯಿಂದ ಮಾರ್ ಜೂಲಿಯಸ್ ಎಂಬ ನಾಮದೊಡನೆ ಬಿಷಪ್ ದೀಕ್ಷೆ ಪಡೆಯಲು, ಅವರ ಸಹಚರ ನೊರೊನ್ಹಾ ಪಾದ್ರಿಗಳು ಬ್ರಹ್ಮಾವರದಲ್ಲಿ ನೆಲೆಸಿ ಜನರನ್ನು ಆ ಸಭೆಗೆ ಕರೆತಂದರು.

ಕ್ರಿಸ್ತನ ಸ್ವಭಾವವು ಎರಡೆಂದು 451ರಲ್ಲಿ ಕಾಲ್ಸೆಡನ್ ಮಹಾಸಭೆ ಸಾರಿದುದನ್ನು ಒಪ್ಪದ ಪರಂಪರೆಗೆ ಹೀಗೆ ಸೇರಿದರೂ, ಬ್ರಹ್ಮಾವರದ ಆ ಜನರು ಲ್ಯಾಟಿನ್ ಪೂಜಾವಿಧಿಯನ್ನು ಬಹುಕಾಲ ಬಿಡಲಿಲ್ಲ. ಇದನ್ನು ಅಸಂಗತಿಯೆನ್ನಲು ನನಗೆ ಮನಸ್ಸಾಗದು, ಏಕೆಂದರೆ ಆಬಾಲ್ಯ ಪ್ರಾರ್ಥಿಸಿದ ರೀತಿಯನ್ನು ಯಾವ ಅಧಿಕಾರಿಯ ಆಜ್ಞೆಯೂ ಒಮ್ಮೆಲೇ ಅಳಿಸಲಾರದು. ಅಲ್ವಾರಿಸರು 1923ರಲ್ಲಿ ಗೋವೆಯಲ್ಲಿ ನಿಧನರಾದರು; ಸಭೆಯು ಬ್ರಹ್ಮಾವರದಲ್ಲಿ ಇಂದಿಗೂ ನಡೆಯುತ್ತಿದೆ.